ಕುಳಿಗೊಂದು ಉಳಿ

ಡಬ್ಬೋದ ರೈಲುಗೇಟಿನಾಚೆ, ಗೋಧಿ ಸೈಲೋದ ನೆರಳಲ್ಲಿ
ಮರ್ವಿನ್ ಪ್ಯಾಸ್ಕೋನ ಅಂಗಡಿ. ಶನಿವಾರ ಮಧ್ಯಾಹ್ನಕ್ಕೇ ಬಾಗಿಲು.
ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ
ಮೂರು ಉಳಿ ಇಟ್ಟ,
ಹೆಣ್ಣು ನೋಡಲು ಬಂದವರ ಮುಂದೆ
ಕೇಸರಿಬಾತಿನ ತಟ್ಟೆ ಇಟ್ಟ ಹಾಗೆ.

ಹೆಬ್ಬೆರಳುದ್ದ ಮೂರೂ. ಕೆಲಸ ಒಂದೇ:
ಹಾರಿಸಿದ ಹಿತ್ತಾಳೆ ತೋಟೆಯ ಬುಡದಲ್ಲಿ
ಪ್ರೈಮರ್ ಕೂರುವ ಪುಟ್ಟ ಕುಳಿಯ ತಳ
ಸಮ ಮಾಡುವುದು.
ನೂರು ತೋಟೆಗೂ ಒಂದೇ ಆಳ, ಒಂದೇ ಚಪ್ಪಟೆ.
ಅಷ್ಟಕ್ಕೆ ನಾನು ಅಳೆದೂ ಸುರಿದೂ ಮುಕ್ಕಾಲು ಗಂಟೆ.

ಮೊದಲನೆಯದು ಅಗ್ಗ. ಉಕ್ಕಿನ ಬಾಯಿ, ಮರದ ಹಿಡಿ.
ಇನ್ನೂರು ತೋಟೆಗೆ ಮೊಂಡಾಗುತ್ತೆ ಅಂದ,
ಮಾರಬೇಕಾದವನೇ.
ಎರಡನೆಯದಕ್ಕೆ ತಿರುಪು: ಆಳ ನಾವೇ ಇಟ್ಟುಕೊಳ್ಳುವುದು,
ಕೂದಲೆಳೆ ಹೆಚ್ಚು, ಕೂದಲೆಳೆ ಕಮ್ಮಿ.
ಮೂರನೆಯದು ಕಾರ್ಬೈಡ್. ಕಾರ್ಖಾನೆಯಲ್ಲೇ ಆಳ ಬಿಗಿದದ್ದು.
ಅದರ ಭುಜ ತೋಟೆಯ ಬುಡಕ್ಕೆ ತಾಗಿತೋ ಮುಗಿಯಿತು,
ಆಮೇಲೆ ಎಷ್ಟು ತಿರುಗಿಸಿದರೂ
ಒಂದು ಚೂರೂ ಕೊಯ್ಯುವುದಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.
ಇಪ್ಪತ್ತೆರಡು ವರ್ಷ ಇದೇ ನನ್ನ ಅನ್ನ:
ಕುಳಿ, ಕಾರ್ಬೈಡ್, ದೀಪ, ಬಾಯಿ ತೆರೆದವರು.
ಹುಳುಕು ಕೊರೆಯುವುದು ಯಾರಿಗೂ ಬರುತ್ತೆ.
ನಿಲ್ಲಿಸುವುದು ಕಲಿಯಲು
ದಾವಣಗೆರೆಯ ಕಾಲೇಜಿನಲ್ಲಿ ಒಬ್ಬ ಮುದುಕಪ್ಪನ
ಕೊನೆಯ ದವಡೆಹಲ್ಲು ಹೋಯಿತು.
ಅವನು ಬೈಯಲಿಲ್ಲ. ಬಾಯಿ ತುಂಬ ಹತ್ತಿ ಇತ್ತು.

ಬೆರಿಲ್ ಕೊಟ್ಟ ತೋಟೆಗಳು ಕಾರಿನಲ್ಲಿವೆ,
ಐಸ್‌ಕ್ರೀಮ್ ಡಬ್ಬಿಯಲ್ಲಿ, ನೂರಾ ಹನ್ನೆರಡು.
ಉಣ್ಣೆಯ ದರ್ಜೆ ಬೆರಳಲ್ಲೇ ಹೇಳುತ್ತಿದ್ದವಳು,
ಆರುನೂರು ಗಜದಾಚೆ ಬಾವುಟ ಅಲುಗಿದ್ದು
ನನಗಿಂತ ಮೊದಲು ಕಂಡವಳು.
"ನನಗಿನ್ನು ಕಣ್ಣು ಸಾಲದು" ಅಂದು ಕೊಟ್ಟಳು.

ನಿನ್ನೆ ರಾತ್ರಿ ಒಂದೊಂದನ್ನೂ ಅಳತೆಕಡ್ಡಿಗೆ ಹಿಡಿದೆ.
ಹಳೆಯ ಎಪ್ಪತ್ತು, ಕನ್ನಡಿಯಂಥ ತಳ, ಎಳ್ಳಷ್ಟೂ ವ್ಯತ್ಯಾಸವಿಲ್ಲ.
ಆಮೇಲಿನವು ಒಂದು ಆಳ, ಒಂದು ಮೇಲೆ,
ಒಂದರ ತಳ ಓರೆ,
ಒಂದರ ಅಂಚಿಗೆ ಉಳಿ ಜಾರಿದ ಗೀರು.
ಕಣ್ಣಲ್ಲ, ಬೆರಿಲ್.
ಹಲ್ಲಿನ ಡಾಕ್ಟರ ಹತ್ತಿರ ಇದು ಬಚ್ಚಿಡುವಂಥದ್ದಲ್ಲ.
ಅವಳದ್ದು ತಿರುಪಿನ ಉಳಿ.

ತೀರಾ ಆಳ ಹೋದವು ಹದಿನಾಲ್ಕು.
ಇವನ್ನು ತುಂಬುವ ಸಿಮೆಂಟು ನನ್ನ ಬಳಿ ಇಲ್ಲ.
ಎಸೆಯಬೇಕು. ಎಸೆದಿಲ್ಲ.

"ಯಾವುದು, ಡಾಕ್ಟರ್?" ಮರ್ವಿನ್ ಕೀಲಿಗೊಂಚಲು ಆಡಿಸಿದ.
ಮೂರನೆಯದು ಅಂದೆ. ಬೆಲೆ ಕೇಳಿ ಹೊಟ್ಟೆ ಉರಿಯಿತು.
ಡ್ರಿಲ್ಲಿಗೆ ಸಿಕ್ಕಿಸುವ ಕಡ್ಡಿ? ಬೇಗ ಆಗುತ್ತೆ.
ಬೇಡ, ಆ ಸದ್ದು ವಾರವೆಲ್ಲ ಕೇಳುತ್ತೇನೆ.
ಕೈಹಿಡಿ ಕೊಡಿ, ದಪ್ಪನೆಯದು,
ನಡುಗುವ ಬೆರಳಿಗೂ ಸಿಕ್ಕುವಂಥದ್ದು.

ಯಾರಿಗೆ ಅಂತ ಅವನು ಕೇಳಲಿಲ್ಲ.

ಸಂಜೆ, ಬೆರಿಲಳ ಅಡುಗೆಮನೆ. ಮೇಜಿಗೆ ಹಳೇ ಪೇಪರು ಹಾಸಿ
ಉಳಿಯನ್ನು ಅವಳ ಮುಷ್ಟಿಗೆ ಇಟ್ಟೆ.
ತಿರುಗಿಸಿದಳು. ಕರಕರ. ಹೊಂಬಣ್ಣದ ಸಿಪ್ಪೆ, ಮಸಿ.
ಆಮೇಲೆ ಸದ್ದು ನುಣ್ಣಗಾಯಿತು.
ಕೈ ನಡುಗುತ್ತಲೇ ಇತ್ತು. ಉಳಿ ನಿಂತಿತ್ತು.
ಅವಳು ತೋಟೆಯನ್ನು ದೀಪಕ್ಕೆ ಹಿಡಿದಳು,
ನನ್ನ ಮುಖ ನೋಡಲಿಲ್ಲ.

"ಇನ್ನೊಂದು ಕೊಡು."

ಇಪ್ಪತ್ತೆಂಟು ಮುಗಿದವು. ಚಹಾ ಎರಡು ಸಲ ಆರಿತು.