ಗಿಡ್ಡಗಾಲಿನ ಬೆಂಚು

ನಮ್ಮ ಹೋಬಳಿ ಆಸ್ಪತ್ರೆಯಲ್ಲಿ ಆಗ ಎರಡು ಬೆಂಚು.
ಒಂದು ಒಳಗೆ, ಫ್ಯಾನಿನ ಕೆಳಗೆ.
ಇನ್ನೊಂದು ಹೊರಗೆ, ಹೊಂಗೆಮರದ ಬುಡದಲ್ಲಿ, ನಮ್ಮ ಕೇರಿಗೆ.
ಬೋರ್ಡು ಯಾರೂ ಬರೆದಿರಲಿಲ್ಲ.
ಬರೆಯದಿದ್ದರೂ ಎಲ್ಲರಿಗೂ ಓದಲು ಬರುತ್ತಿತ್ತು,
ಹೆಬ್ಬೆಟ್ಟಿನವರಿಗೂ.

ಕಾಂಪೌಂಡರು ಮಾತ್ರೆಯನ್ನು ಪೇಪರಿನಲ್ಲಿ ಸುತ್ತಿ
ಕಿಟಕಿಯಿಂದ ಬೀಳಿಸುತ್ತಿದ್ದರಂತೆ. ಸೆರಗೊಡ್ಡಬೇಕು.
ನೆಲಕ್ಕೆ ಬಿದ್ದರೆ ಅಜ್ಜಿ ಊದಿಕೊಂಡು ನುಂಗುತ್ತಿದ್ದಳು:
"ಮಣ್ಣು ಹತ್ತಿದ್ರೇನು, ಜ್ವರಕ್ಕೆ ಗೊತ್ತಾಗಲ್ಲ."

ಹೆರಿಗೆನೋವಿನ ಪಾಪಕ್ಕನನ್ನು ಹೊರಗಿನ ಬೆಂಚಿನಲ್ಲಿ
ಹೊತ್ತು ಇಳಿಯುವ ತನಕ ಕಾಯಿಸಿದರು.
ಪಾಪಕ್ಕ ಉಳಿದಳು.
ಇನ್ನೊಂದು ಜೀವ ಯಾವ ರಿಜಿಸ್ಟರಿನಲ್ಲೂ ಇಲ್ಲ.

ದೊಡ್ಡಪ್ಪ ಗಂಗುಲಪ್ಪ ಅವತ್ತು ಕೂಗಾಡಲಿಲ್ಲ.
ಮಾರನೆ ಬೆಳಗ್ಗೆ ಮುದ್ದೆ ಕಟ್ಟಿಕೊಂಡು ಹೋಗಿ
ಫ್ಯಾನಿನ ಕೆಳಗೆ ಕೂತ.
"ಏನಯ್ಯಾ ನಿನಗೆ ಕಾಯಿಲೆ?"
"ನನಗಲ್ಲ ಸಾ, ಬೆಂಚಿಗೆ."
ಎರಡನೆಯ ದಿನ ನಾಲ್ವರು, ಆರನೆಯ ದಿನ ತಮಟೆ,
ಒಂಬತ್ತಕ್ಕೆ ಪೊಲೀಸು. ಎಡಗಿವಿ ಹೋಯಿತು.
ಹನ್ನೆರಡನೆಯ ದಿನ ಹೊರಗಿನ ಬೆಂಚನ್ನು ತಲೆಮೇಲೆ ಹೊತ್ತು
ಊರ ನಡುಬೀದಿಯಲ್ಲೇ ಕೇರಿಗೆ ಬಂದ.
ಸರ್ಕಾರಿ ಸಾಮಾನು ಕದ್ದ ಕೇಸು
ಅವನು ಸತ್ತ ಮೇಲೂ ಮೂರು ವರ್ಷ ನಡೆಯಿತು.

ನಾನು ಆಶಾ. ಹೆಸರಲ್ಲ, ಕೆಲಸ.
ಹೆಸರು ಗಂಗರತ್ನ.
ಏಪ್ರಿಲ್ ಹದಿನಾಲ್ಕಕ್ಕೆ ಹುಡುಗರು ಡೀಜೆ ತರಿಸುತ್ತಾರೆ, ತರಿಸಲಿ.
ಅದು ಬಾಯಿ ಬಿಡುವ ಮೊದಲು, ಆರೂವರೆಗೆಲ್ಲ,
ಸಂಘದ ಕೋಣೆಯ ಮುಂದೆ, ನೀಲಿ ಕೋಟಿನ ಪಟದ ಕೆಳಗೆ
ಆ ಬೆಂಚು ಎಳೆದು ಹಾಕುತ್ತೇನೆ.
ಸ್ಟೆತಾಸ್ಕೋಪಿಗೆ ಸ್ವಲ್ಪ ಮೌನ ಬೇಕು.

ಬರುತ್ತಾರೆ: ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ
ಕ್ರೇಟು ಹೊರುವ ಬಾಬಾಜಾನ್, ಒಂದೇ ಸಮ ಕೆಮ್ಮುವ ಚೌಡಪ್ಪ,
ಊರೊಳಗಿನ ಪಟೇಲರ ಸೊಸೆಯೂ,
ಹಿತ್ತಲ ದಾರಿಯಿಂದ, ತಲೆತುಂಬ ಸೆರಗು ಹೊದ್ದು.
ಸಕ್ಕರೆ ಕಾಯಿಲೆ, ಮನೆಯಲ್ಲಿ ಹೇಳಿಲ್ಲವಂತೆ.
ಅವಳ ಬೆರಳು ಹಿಡಿಯುತ್ತೇನೆ. ಅವಳೂ ಬಿಡಿಸಿಕೊಳ್ಳುವುದಿಲ್ಲ.
ಯಂತ್ರ ಐದರಿಂದ ಹಿಂದಕ್ಕೆ ಎಣಿಸುವಾಗ
ಇಬ್ಬರೂ ಉಸಿರು ಹಿಡಿದಿರುತ್ತೇವೆ.

ಬರೆದುಕೊಂಡೆ: ಬಂದವರು ಅರವತ್ತಮೂರು.
ರಕ್ತಹೀನತೆ ಮೂವತ್ತೊಂದು. ಕೇರಿಯವರೇ ಇಪ್ಪತ್ತಾರು.
ಶುದ್ಧ ನೀರಿನ ಘಟಕ ಕೆಟ್ಟು ನಾಲ್ಕು ತಿಂಗಳು,
ಹಲ್ಲು ಕಂದಿದ ಮಕ್ಕಳು 'ಇತರೆ' ಕಾಲಮ್ಮಿನಲ್ಲಿ.
ನನ್ನ ಗೌರವಧನ ಬಂದಿಲ್ಲ, ಅದಕ್ಕೆ ಕಾಲಮ್ಮೇ ಇಲ್ಲ.
ಆಸ್ಪತ್ರೆಯ ಫ್ಯಾನಿನ ಕೆಳಗೆ ಈಗ ಯಾರಾದರೂ ಕೂರಬಹುದು.
ಡಾಕ್ಟರು ಬರುವುದು ಬುಧವಾರ.

ಬೆಂಚಿನ ಒಂದು ಕಾಲು ಗಿಡ್ಡ.
ವರ್ಷವೂ ಚಪ್ಪಡಿಚೂರು ಕೊಟ್ಟು ನಿಲ್ಲಿಸುತ್ತೇವೆ, ಆದರೂ ಅಲುಗುತ್ತದೆ.
ಬಡಗಿ ನಂಜುಂಡಾಚಾರಿ ದುಡ್ಡಿಲ್ಲದೆ ಸರಿಮಾಡಿಕೊಡ್ತೀನಿ ಅಂದ.
ಬೇಡ ಅಂದೆ.
ಹೊಸದಾಗಿ ಕೂತವರು ಬೆಚ್ಚಿ, ಏನಕ್ಕಾ ಇದು, ಅನ್ನುತ್ತಾರೆ.
ಬೆರಳು ಹಿಡಿದುಕೊಂಡೇ ಶುರು ಮಾಡುತ್ತೇನೆ.
ದೊಡ್ಡಪ್ಪ ಫ್ಯಾನಿನ ಕೆಳಗೆ ಕೂರುವಷ್ಟರಲ್ಲಿ
ಸೂಜಿ ಚುಚ್ಚಿ ಆಗಿರುತ್ತದೆ.