ಹೆಬ್ಬೆರಳು

ಮುಖ ಮೇಸ್ತ್ರಿಯದು. ಮೇಲುವಸ್ತ್ರದ ನೀಲಿ
ಕರಾರಿನಲ್ಲಿ ಬರೆದಷ್ಟೇ, ಒಂದು ಗುಂಜಿ ಹೆಚ್ಚಿಲ್ಲ.
ಮೋಡಗಳು ಝುವಾನೆಯವು, ಅವನಿಗೆ ಬೇರೇನೂ ಬಾರದು.
ನನ್ನ ಪಾಲಿಗೆ ಬಂದದ್ದು ಹರಸುವ ಕೈ.

ಕೈಗೊಂದು ಕೈ ಬೇಕಲ್ಲ,
ಉಪ್ಪಿನ ಕಟ್ಟೆಯಿಂದ ಹಮಾಲಿ ಬೊರ್ತೊಲೊನನ್ನು ಕರೆತಂದೆವು.
ದಿನಕ್ಕೆರಡು ರೊಟ್ಟಿ, ಒಂದು ಕುಡಿಕೆ ಹುಳಿ ದ್ರಾಕ್ಷಾರಸ.
ಎತ್ತಿದ ಕೈ ಎತ್ತಿದಂತೇ ನಿದ್ದೆಹೋಗುತ್ತಿದ್ದ.
ಕೆಳಗೆ ಕಾಲುವೆಯಲ್ಲಿ ದೋಣಿಯವರು ಬೈದಾಡಿಕೊಂಡರೆ
ಕಣ್ಣು ತೆರೆಯದೆ ತಾನೂ ಎರಡು ಸೇರಿಸುತ್ತಿದ್ದ.

ಹಗ್ಗ ಜಗ್ಗಿ ಸೀಳಿತ್ತು ಹೆಬ್ಬೆರಳ ಉಗುರು.
"ಸರಿಮಾಡು" ಅಂದರು ಮೇಸ್ತ್ರಿ.
ಮಾಡಿದೆ. ಮರುದಿನ ನೀರಿನ ಬೆಳಕು ಸೂರಿಗೆ ಬಿದ್ದಾಗ
ನೋಡಿದರೆ, ಅದು ಯಾರ ಕೈಯೂ ಆಗಿರಲಿಲ್ಲ.
ಎಣ್ಣೆ ಆರುವ ಮೊದಲೇ ಒರೆಸಿ
ಎರಡೇ ಕೂದಲ ಕುಂಚದಲ್ಲಿ
ಸೀಳನ್ನು ವಾಪಸು ತಂದೆ.
ಮೇಸ್ತ್ರಿ ಬಗ್ಗಿ ನೋಡಿದರು, ಕೆಮ್ಮಿ ಊಟಕ್ಕೆ ಹೋದರು.

ಆ ಬೇಸಿಗೆ ವೆನಿಸ್ಸಿಗೆ ಮಾರಿ ಬಂತು.
ಬೊರ್ತೊಲೊನನ್ನು ಯಾವ ದ್ವೀಪದಲ್ಲಿ
ಸುಣ್ಣ ಸುರಿದು ಮುಚ್ಚಿದರೋ.

ಸತ್ತವರ ಹಬ್ಬಕ್ಕೆ ಚಿತ್ರ ಗೋಡೆಯೇರಿತು.
ಅವನ ಹೆಂಡತಿ ಓರ್ಸೊಲಾ ಬಂದಳು, ಮಂಡಿಯೂರಲಿಲ್ಲ,
ದೇವರ ಮುಖದ ಕಡೆ ಕಣ್ಣೆತ್ತಲೂ ಇಲ್ಲ.
ಬೆಂಚು ಹತ್ತಿ, ಮೇಣದ ಬತ್ತಿ ಹತ್ತಿರ, ಇನ್ನೂ ಹತ್ತಿರ ಹಿಡಿದು
"ಬಟ್ಟೆ ಸುತ್ತಿಕೋ ಅಂತ
ಎಷ್ಟು ಸಲ ಬಡಕೊಂಡೆ" ಅಂದಳು.

ಪಾದ್ರಿ ಗದರಿ ಇಳಿಸಿದ.
ಬತ್ತಿಯ ಮಸಿ ಮಾತ್ರ ಹೆಬ್ಬೆರಳ ಬುಡದಲ್ಲೇ ಕೂತಿದೆ.
ಒರೆಸಿ ಬಾ ಎಂದು ಇವತ್ತು ನನ್ನನ್ನೇ ಕಳಿಸಿದ್ದಾರೆ.
ಏಣಿ ತಂದಿದ್ದೇನೆ.
ಬಟ್ಟೆ ತಂದಿಲ್ಲ.