ಅದು ಕಾಯಲಿ

ದೆಯೊಲಿಂದಾ ಕಂಪ್ಯೂಟರನ್ನು ಸಂತೆಗಾಡಿಯಲ್ಲಿ ಎಳೆದುಕೊಂಡು ಬಂದಳು,
ಮೇಲೊಂದು ಟವೆಲು, ಪಕ್ಕದಲ್ಲಿ
ಎರಡು ಕಟ್ಟು ಕೊತ್ತಂಬರಿ.
ಸೆತೂಬಲ್ಲಿನ ಶನಿವಾರ, ನದೀಮುಖದಿಂದ ಉಪ್ಪುಗಾಳಿ.
ಮೀನುಗಾರರ ಸಂಘದ ಹಿಂಬದಿಯ ಕೋಣೆಯಲ್ಲಿ
ನನ್ನದೊಂದು ಮೇಜು, ಒಂದು ದೀಪ,
ಹದಿನಾಲ್ಕು ಸ್ಕ್ರೂಡ್ರೈವರು. ಬೋರ್ಡು ಗೀರ್ಡು ಇಲ್ಲ.

"ಸತ್ತಿದೆಯಾ, ಎರ್ಮೀನಿಯು?"
"ಇಲ್ಲ. ಉಸಿರು ಕಟ್ಟಿದೆ."

ಇಪ್ಪತ್ತಾರು ವರ್ಷ ನಾನು ಸಾರ್ಡೀನ್ ಕಾರ್ಖಾನೆಯಲ್ಲಿ
ಡಬ್ಬಿಗೆ ಮುಚ್ಚಳ ಬಿಗಿಯುವ ಯಂತ್ರ ನೋಡಿಕೊಂಡವನು.
ಒಳಗೆ ಹೋದದ್ದು ಒಳಗೇ ಇರಬೇಕು,
ಗಾಳಿಯೂ ನುಸುಳಬಾರದು, ಸಂಬಳ ಅದಕ್ಕೇ.
ಈಗ ಸಂಬಳವಿಲ್ಲ. ಮುಚ್ಚಳ ತೆಗೆಯುತ್ತೇನೆ.

ಒಳಗೊಂದು ಬೆಕ್ಕಿತ್ತು. ಅಂದರೆ, ಕೂದಲು,
ಒಂದು ಇಡೀ ಬೆಕ್ಕಿಗಾಗುವಷ್ಟು.
"ಫರ್ರುಶ್ಕು ಹೋಗಿ ಮೂರು ವರ್ಷ," ಎಂದಳು,
"ಎಸೆಯಬೇಡ, ಇತ್ತ ಕೊಡು."
ಕರವಸ್ತ್ರದಲ್ಲಿ ಗಂಟು ಕಟ್ಟಿ ಕೈಚೀಲಕ್ಕೆ ಹಾಕಿಕೊಂಡಳು.

ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದು ಹಿಡಿದು
ಬಣ್ಣದ ಬ್ರಷ್ಷಿನಿಂದ ಒಂದೊಂದೇ ಗುಡಿಸಿದೆ.
ಒಣಗಿ ಸುಣ್ಣವಾದ ಲೇಪವನ್ನು ಸ್ಪಿರಿಟ್ಟಿನಲ್ಲಿ ಒರೆಸಿ
ಹೊಸದು ಹಾಕಿದೆ, ಬಟಾಣಿ ಕಾಳಿನಷ್ಟು;
ಹೆಚ್ಚಾದರೆ ಕೆಡುತ್ತದೆ, ಉಪ್ಪಿನ ಹಾಗೆ.
ಗುಂಡಿಯಂಥ ಬ್ಯಾಟರಿ ಸತ್ತಿತ್ತು, ಅದರ ಪಂಚಾಂಗದಲ್ಲಿ
ಇನ್ನೂ ಎರಡು ಸಾವಿರದ ಒಂಬತ್ತು, ಜನವರಿ ಒಂದು.
"ಹಾಗೇ ಬಿಡು," ಎಂದಳು,
"ಆಗ ನನ್ನ ಮೊಣಕಾಲು ಚೆನ್ನಾಗಿತ್ತು."

ಏನು ಮುಟ್ಟುವ ಮೊದಲೂ ನಕಲು. ಇದು ನನ್ನ ಹಟ.
ಫೋಟೋ, ಪತ್ರ, ಸತ್ತ ಗಂಡನ ಲೆಕ್ಕದ ಪಟ್ಟಿ,
ಒಂದು ನಕಲು ನಿನ್ನ ಬೀರುವಿಗೆ, ಒಂದು ತಂಗಿಯ ಮನೆಗೆ.
ಒಂದೇ ಸೂರಿನಡಿ ಎರಡಿದ್ದರೆ
ಒಂದೂ ಇಲ್ಲವೆಂದೇ ತಿಳಿ.

ನಕಲು ಮುಗಿಯುವ ತನಕ ಅವಳು ದೂರಿದಳು:
"ಬರೆಯುತ್ತಾ ಕೂತಿರುತ್ತೇನೆ, ನಡುವೆಯೇ ಕೂಗುತ್ತದೆ.
ನಿಲ್ಲಿಸು. ನನ್ನನ್ನು ಹೊಸದು ಮಾಡು. ದುಡ್ಡು ಕಟ್ಟು.
ಒಪ್ಪಿದೆ ಅನ್ನು.
ಓದದೆ ನೂರು ಸಲ ಒಪ್ಪಿದ್ದೇನೆ.
ಎರ್ಮೀನಿಯು, ನಿನಗೆ ಸೈರನ್ ನೆನಪಿದೆಯಾ?"

ಇರದೆ ಏನು. ಕಾರ್ಖಾನೆಗೊಂದು ಕೂಗು.
ರಾತ್ರಿ ಮೂರಕ್ಕೆ ದೋಣಿ ಬಂದರೆ ಮೂರಕ್ಕೇ.
ಅವಳದು ಎರಡು ಗಿಡ್ಡ, ಒಂದು ಉದ್ದ;
ನಿದ್ದೆಯಲ್ಲೇ ಎಣಿಸಿ,
ಮಗುವಿನ ಬಾಯಿಂದ ಮೊಲೆ ಬಿಡಿಸಿಕೊಂಡು
ಏಪ್ರನ್ ಕಟ್ಟುತ್ತ ಇಳಿಜಾರಿನಲ್ಲಿ ಓಡಿದವಳು.

ನಾನು ಮಾತಾಡಲಿಲ್ಲ. ಪೆನ್‌ಡ್ರೈವ್ ಚುಚ್ಚಿದೆ
(ಹಳೆಯ ಸಾರ್ಡೀನ್ ಡಬ್ಬಿಯಲ್ಲಿಡುತ್ತೇನೆ, ಎಷ್ಟು ತೊಳೆದರೂ ವಾಸನೆ),
ಬೇರೆ ವ್ಯವಸ್ಥೆಯೊಂದನ್ನು ಹಾಕಿದೆ.
"ಎಷ್ಟು?"
"ಏನೂ ಇಲ್ಲ."
"ಬಿಟ್ಟಿ ಕೊಡುವವನ ಇನ್ನೊಂದು ಕೈ ನೋಡು ಅನ್ನುತ್ತಿದ್ದಳು ಅಮ್ಮ."
"ಬಿಟ್ಟಿ ಅನ್ನಬೇಡ, ಬಿಡುಗಡೆ ಅನ್ನು.
ಬರೆದವರು ಮುಚ್ಚಳ ಬಿಗಿಯದೆ ಹೋಗಿದ್ದಾರೆ.
ಒಳಗೇನಿದೆ ನೋಡಬಹುದು, ತಿದ್ದಬಹುದು,
ತಂಗಿಗೂ ಒಂದು ಕೊಡಬಹುದು, ಯಾರಪ್ಪಣೆಯೂ ಬೇಡ."
"ನನಗೆಲ್ಲಿ ಓದಲು ಬರುತ್ತದೆ ಅದು?"
"ನನಗೂ ಬರದು. ಬಲ್ಲವರು ಯಾರೋ,
ಎಲ್ಲೋ, ಓದುತ್ತಿರುತ್ತಾರೆ."
ಅರ್ಧ ನಂಬಿದಳು. ಅಷ್ಟು ಸಾಕು;
ನನ್ನ ನಂಬಿಕೆಯೂ ಮುಕ್ಕಾಲೇ.

ಅವಳ ಪ್ರಿಂಟರು ಮಾತ್ರ ಬಾಯಿ ಬಿಡಲಿಲ್ಲ.
ಮುಂದಿನ ಶನಿವಾರ, ಎಂದೆ. ಅದಕ್ಕೂ ಮುಂದಿನದಿರಬಹುದು.

ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚುಕ್ಕೆ.
"ಏನದು?"
"ಹೊಸತು ಬಂದಿದೆಯಂತೆ. ನಿನಗೆ ಬೇಕಾದಾಗ ಹಾಕಿಕೋ."
"ಅಲ್ಲಿಯವರೆಗೆ?"
"ಕಾಯುತ್ತದೆ. ಬಹಳ ದಿನ ಕಾಯಿಸಬೇಡ,
ಬೀಗ ಹಳೆಯದಾದರೆ ಕಳ್ಳನಿಗೆ ಸುಲಭ."
"ಕೂಗುವುದಿಲ್ಲವಾ?"
"ಇಲ್ಲ."

ಕೊತ್ತಂಬರಿಯ ಒಂದು ಕಟ್ಟು ನನ್ನ ಮೇಜಿನ ಮೇಲಿಟ್ಟಳು.
ಕುರ್ಚಿ ಎಳೆದುಕೊಂಡು, ಕೈ ಮಡಿಲಲ್ಲಿ,
ಆ ಚುಕ್ಕೆಯ ಎದುರು ಕೂತಳು
ಎಷ್ಟೋ ಹೊತ್ತು, ಸುಮ್ಮನೆ,
ಅದು ಕಾಯುವುದನ್ನು ನೋಡಲೆಂದೇ.